ಕಾರಿಗೆ ಟ್ರೇಲರ್ ಕಟ್ಟೋಕ್ಕೆ ಮುಂಚೆ ಮೂಕಿ ಭಾರ ನೋಡಿ

ಪ್ರಶ್ನೆ: ಸಾರ್, ನಮ್ಮನೆ ಮೈಸೂರಲ್ಲಿ, ತೋಟ ಮದ್ದೂರ್ ಹತ್ರ. ಸ್ಕಾರ್ಪಿಯೋ ಎನ್ ಡೀಸೆಲ್ ಗಾಡಿ ಇದೆ, ಮನೇಲಿ ಆರು ಜನ. ವಾರಕ್ಕೊಂದ್ಸಲ ತೋಟಕ್ಕೆ ಹೋಗ್ತೀವಿ. ಪವರ್ ವೀಡರ್, ಡ್ರಿಪ್ ಪೈಪು, ಹಿಂಡಿ ಮೂಟೆ, ವಾಪಸ್ ಬರ್ತಾ ಒಂದಷ್ಟು ತೆಂಗಿನಕಾಯಿ, ಎಲ್ಲಾನೂ ಗಾಡಿ ಒಳಗೆ ತುಂಬಿ ತುಂಬಿ ಸೀಟೆಲ್ಲ ಹಾಳಾಗೋಯ್ತು. ಒಂದು ಚಿಕ್ಕ ಟ್ರೇಲರ್ ಹಿಂದೆ ಕಟ್ಕೊಂಡು ಹೋಗೋಣ ಅಂತ ಇದೀವಿ. ನಮ್ಮ ಏರಿಯಾದ ವೆಲ್ಡಿಂಗ್ ಅಂಗಡಿಯವ್ರು ಬಂಪರ್ ಒಳಗಿನ ಕಬ್ಬಿಣಕ್ಕೆ ಹುಕ್ಕು ವೆಲ್ಡ್ ಮಾಡ್ಕೊಡ್ತೀವಿ, ಅರ್ಧ ದಿನದ ಕೆಲಸ ಅಂತಾರೆ. ಮಾಡಿಸ್ಬೋದಾ? ಗಾಡಿ ಎಷ್ಟು ತೂಕ ಎಳೆಯತ್ತೆ? ಆರ್‌ಟಿಓ ಕಡೆಯಿಂದ ಏನಾದ್ರೂ ತೊಂದ್ರೆ ಇದ್ಯಾ?

ಉತ್ತರ: ಸಾರ್, ಮೊದ್ಲು ವೆಲ್ಡಿಂಗ್ ವಿಷ್ಯ ಹೇಳ್ಬಿಡ್ತೀನಿ, ದಯವಿಟ್ಟು ಮಾಡಿಸ್ಲೇಬೇಡಿ. ಅಂಗಡಿಯವ್ರ ಕೈಕೆಲಸ ಸರಿಯಿಲ್ಲ ಅಂತ ಹೇಳ್ತಿಲ್ಲ, ನಮ್ಮ ಮಂಡ್ಯ ಕಡೆ ಕಬ್ಬಿನ ಟ್ರೇಲರ್ ಕಟ್ಟೋರ ವೆಲ್ಡಿಂಗ್ ನೋಡಿದೀನಿ, ಭಾಳ ಗಟ್ಟಿ ಕೆಲಸ. ತೊಂದ್ರೆ ಇರೋದು ಹುಕ್ಕು ಹಾಕೋ ಜಾಗದಲ್ಲಿ. ಬಂಪರ್ ಪ್ಲಾಸ್ಟಿಕ್ ಬಿಚ್ಚಿದ್ರೆ ಒಳಗೆ ಅಡ್ಡಕ್ಕೆ ಒಂದು ಪಟ್ಟಿ ಸಿಗತ್ತಲ್ಲ, ಅದನ್ನ ಇಟ್ಟಿರೋದು ಹಿಂದಿಂದ ಯಾರಾದ್ರೂ ಗುದ್ದಿದ್ರೆ ತಾನು ಮಡಚ್ಕೊಂಡು ಏಟು ತಡ್ಕೊಳ್ಳೋಕ್ಕೆ. ಮಡಚ್ಕೊಳ್ಳೋಕ್ಕೆ ಅಂತ ಮಾಡಿರೋ ತಗಡಿಗೆ ದಿನಾ ಎಳೆಯೋ ಕೆಲಸ ಕೊಟ್ರೆ ಅದು ಎಷ್ಟು ದಿನ ತಡಿಯತ್ತೆ?

ಹಿಂಗೇ ಹುಕ್ಕು ಹಾಕಿಸ್ಕೊಂಡಿದ್ದ ಒಂದು ಗಾಡಿ ನಮ್ಮ ಗ್ಯಾರೇಜಿಗೆ ಬಂದಿತ್ತು, ಹಿಂದೆ ಏನೋ ಕಿರ್ರ್ ಅಂತ ಸೌಂಡ್ ಬರ್ತಿದೆ ಅಂತ. ಬಂಪರ್ ಇಳಿಸಿ ಟಾರ್ಚ್ ಬಿಟ್ಟು ನೋಡಿದ್ವಿ, ವೆಲ್ಡಿಂಗ್ ಚೆನ್ನಾಗೇ ಇತ್ತು, ಆದ್ರೆ ವೆಲ್ಡಿಂಗ್ ಮುಗಿಯೋ ಮೂಲೆಯಿಂದ ಕೂದ್ಲಷ್ಟು ಸಣ್ಣ ಗೆರೆ ಒಂದು ಕೆಳಗಡೆವರೆಗೂ ಹೋಗಿತ್ತು, ಗೆರೆ ಉದ್ದಕ್ಕೂ ಕೆಂಪು ತುಕ್ಕು, ಅಕ್ಕಪಕ್ಕ ಪೇಂಟ್ ಮೀನಿನ ಹುರುಪೆ ತರ ಎದ್ದಿತ್ತು. ಉಗುರು ಹಾಕಿ ಎಳೆದ್ರೆ ಉಗುರು ಸಿಕ್ಕಾಕ್ಕೊಳ್ತಿತ್ತು. ಮುಕ್ಕಾಲು ಭಾಗ ಸೀಳಿತ್ತು ಸಾರ್, ಇನ್ನೊಂದು ನಾಲ್ಕು ಹಂಪ್ ಹಾರಿಸಿದ್ರೆ ಟ್ರೇಲರ್ ಕಳಚ್ಕೊಂಡು ಹಿಂದೆ ಬರೋ ಬೈಕಿನವನ ಮೇಲೆ ಹೋಗ್ತಿತ್ತು. ಅದನ್ನ ನೋಡಿದ್ಮೇಲೆ ನನಗೆ ಈ ವಿಷ್ಯದಲ್ಲಿ ಪರವಾಗಿಲ್ಲ ಬಿಡಿ ಅನ್ನೋಕ್ಕೆ ಬಾಯೇ ಬರಲ್ಲ.

ನಿಮ್ಮ ಗಾಡಿಗೆ ಕೆಳಗೆ ಚಾಸಿ, ಅಂದ್ರೆ ಬಾಡಿ ಹೊರೋ ಕಬ್ಬಿಣದ ಚೌಕಟ್ಟು ಬೇರೆಯಾಗಿದೆ, ಅದು ಒಳ್ಳೇದು. ಹಿಚ್ ಅನ್ನೋದು, ಅಂದ್ರೆ ಟ್ರೇಲರ್ ಕಟ್ಟೋಕ್ಕೆ ಗಾಡಿ ಹಿಂದೆ ಹಾಕೋ ಕಬ್ಬಿಣದ ಕಟ್ಟು, ಎಡಗಡೆ ಬಲಗಡೆ ಎರಡೂ ಚಾಸಿ ಉದ್ದಪಟ್ಟಿಗೆ ಬೋಲ್ಟಲ್ಲಿ ಕೂರ್ಬೇಕು, ಅದೂ ನಿಮ್ಮ ಮಾಡೆಲ್‌ಗೇ ಅಂತ ಮಾಡಿರೋದಾಗಿರ್ಬೇಕು, ಅದರ ಮೇಲೆ ಎಷ್ಟು ಕೆಜಿ ಎಳಿಬೋದು, ಅದರ ತುದೀಲಿರೋ ಬಾಲ್ (ಟ್ರೇಲರ್ ಕೂರೋ ಕಬ್ಬಿಣದ ಗುಂಡು) ಮೇಲೆ ಎಷ್ಟು ಕೆಜಿ ಕೂರಿಸ್ಬೋದು ಅಂತ ಪ್ಲೇಟ್ ಹೊಡೆದಿರ್ಬೇಕು. ಪ್ಲೇಟ್ ಇಲ್ದಿರೋ ಹಿಚ್ ತಗೋಬೇಡಿ, ಎಷ್ಟೇ ದಪ್ಪ ಕಾಣ್ಲಿ. ಬೋಲ್ಟ್ ಟಾರ್ಕ್ ರೆಂಚಲ್ಲೇ (ಎಷ್ಟು ಬಿಗಿ ಅಂತ ಅಳೆದು ತಿರುಗ್ಸೋ ಪಾನಾ) ಟೈಟ್ ಮಾಡಿಸಿ, ಮೊದಲ ಟ್ರಿಪ್ ಆದ್ಮೇಲೆ ಇನ್ನೊಂದ್ಸಲ ಚೆಕ್ ಮಾಡಿಸಿ, ಹೊಸ ಬೋಲ್ಟ್ ಒಂದು ಚೂರು ಕೂತ್ಕೊಳ್ಳತ್ತೆ. ಸ್ಟೆಪ್ನಿ ಕೆಳಗಡೆ ಇದ್ಯಲ್ಲ, ಹಿಚ್ ಹಾಕಿದ್ಮೇಲೂ ಅದು ಸಲೀಸಾಗಿ ಇಳಿಯತ್ತಾ ಅಂತ ಅಲ್ಲೇ ಇಳಿಸಿ ನೋಡಿ.

ಬಾಲ್ ಸೈಜಲ್ಲಿ ಭಾಳ ಜನ ಎಡವ್ತಾರೆ. ಆನ್‌ಲೈನಲ್ಲಿ ಎರಡು ತರ ಸಿಗತ್ತೆ, ಒಂದು 50 ಮಿಲಿಮೀಟರ್, ಇನ್ನೊಂದು ಅಮೆರಿಕದ 2 ಇಂಚು, ಅಂದ್ರೆ 50.8. ಕಣ್ಣಿಗೆ ಎರಡೂ ಒಂದೇ. ಕಪ್ಲರ್ ಅಂದ್ರೆ ಟ್ರೇಲರ್ ಮೂತೀಲಿ ಬಾಲ್ ಮೇಲೆ ಕೂರೋ ಬಟ್ಟಲು. 2 ಇಂಚಿನ ಕಪ್ಲರನ್ನ 50ರ ಬಾಲ್ ಮೇಲೆ ಕೂರಿಸಿದ್ರೆ ಲೂಸು, ಹಂಪ್ ಮೇಲೆ ಎಗರಿ ಕಳಚೋ ಚಾನ್ಸ್ ಇದೆ, ಉಲ್ಟಾ ಆದ್ರೆ ಲಾಕ್ ಪೂರ್ತಿ ಬೀಳಲ್ಲ. ಎರಡರ ಮೇಲೂ ಕೊರೆದಿರೋ ನಂಬರ್ ಓದಿ.

ಇನ್ನು ಎಷ್ಟು ಎಳೆಯತ್ತೆ ಅಂತ ಕೇಳಿದ್ರಿ. ಇದೇ ಸ್ಕಾರ್ಪಿಯೋನ ಆಸ್ಟ್ರೇಲಿಯಾದಲ್ಲಿ 2500 ಕೆಜಿ ಎಳೆಯೋ ಗಾಡಿ ಅಂತ ಮಾರ್ತಾರೆ, ಆ ವಿಡಿಯೋ ನೀವೂ ನೋಡಿರ್ತೀರ. ಆ ನಂಬರ್ ಬ್ರೇಕ್ ಇರೋ ಟ್ರೇಲರ್‌ಗೆ, ಅದೂ ಆ ದೇಶಕ್ಕೆ ಅಂತ ಕೊಡೋ ಗಾಡಿಗೆ, ಅಲ್ಲಿನ ಹಿಚ್ಚಿಗೆ. ನಿಮಗೆ ಲೆಕ್ಕ ನಿಮ್ಮ ಓನರ್ಸ್ ಮ್ಯಾನ್ಯುವಲ್ಲು, ಹಿಚ್ ಮೇಲಿನ ಪ್ಲೇಟು, ಟ್ರೇಲರ್ ಮೇಲಿನ ಪ್ಲೇಟು, ಈ ಮೂರರಲ್ಲಿ ಯಾವುದು ಕಮ್ಮಿನೋ ಅದು. ಬ್ರೇಕ್ ಇಲ್ದಿರೋ ಟ್ರೇಲರನ್ನ ಯುರೋಪಲ್ಲೇ ಲೋಡ್ ಸೇರಿಸಿ 750 ಕೆಜಿ ಮೇಲೆ ಎಳೆಯೋಕ್ಕೆ ಬಿಡಲ್ಲ. ನಿಮ್ಮ ಸಾಮಾನಿಗೆ ಅಷ್ಟೂ ಬೇಡ, ಎಲ್ಲಾ ಸೇರಿ 600 ಕೆಜಿ ಒಳಗೆ ಮುಗಿಸಿ. ಇಂಜಿನ್‌ಗೆ 600 ಕೆಜಿ ಏನೂ ಅಲ್ಲ, ಎಳೆದಾಕ್ಬಿಡತ್ತೆ, ಆದ್ರೆ ಬ್ರೇಕ್ ಒತ್ತಿದಾಗ ಆ 600 ಕೆಜಿನ ನಿಲ್ಲಿಸ್ಬೇಕಾಗಿರೋದೂ ನಿಮ್ಮ ಗಾಡಿ ಬ್ರೇಕೇ. 60ರಲ್ಲಿ ಹೋಗೋದಕ್ಕೆ ಹೋಲಿಸಿದ್ರೆ 80ರಲ್ಲಿ ನಿಲ್ಲಿಸೋಕ್ಕೆ ಹತ್ತತ್ರ 1.8 ಪಟ್ಟು ಶಕ್ತಿ ಬೇಕು, ಅದಕ್ಕೇ 60 ದಾಟ್ಬೇಡಿ.

ಈಗ ನಾನು ಎಲ್ಲಕ್ಕಿಂತ ಮುಖ್ಯವಾಗಿ ಹೇಳ್ಬೇಕು ಅಂತಿರೋ ವಿಷ್ಯ. ಎತ್ತಿನ ಗಾಡಿ ಹೊಡೆದಿರೋ ಹಿರಿಯರು ಮನೇಲಿದ್ರೆ ಅವ್ರನ್ನ ಕೇಳಿ ನೋಡಿ, ಮುಂಬಾರ ಹಿಂಬಾರ ಅಂದ್ರೆ ಏನು ಅಂತ. ಗಾಡಿಗೆ ಹಿಂದ್ಗಡೆ ಜಾಸ್ತಿ ತುಂಬಿದ್ರೆ ಮೂಕಿ, ಅಂದ್ರೆ ನೊಗ ಕಟ್ಟೋ ಮುಂದಿನ ಉದ್ದ ಮರ, ಮೇಲಕ್ಕೆದ್ದು ಎತ್ತಿನ ಕುತ್ತಿಗೆ ಕಟ್ಟಿರೋ ಜೋತ್ರ ಬಿಗಿಯತ್ತೆ, ಮುಂದ್ಗಡೆ ಜಾಸ್ತಿ ತುಂಬಿದ್ರೆ ನೊಗ ಹೆಗಲು ಕುಯ್ಯತ್ತೆ, ಅದಕ್ಕೇ ಅವ್ರು ತುಂಬಿದ್ಮೇಲೆ ಮೂಕಿ ಕೈಲಿ ಎತ್ತಿ ನೋಡಿನೇ ಎತ್ತು ಕಟ್ತಿದ್ದಿದ್ದು. ನಿಮ್ಮ ಟ್ರೇಲರ್‌ಗೂ ಅದೇ ಲೆಕ್ಕ, ಚೂರೂ ಬದಲಾಗಿಲ್ಲ. ಒಂದೇ ಅಚ್ಚಿನ ಟ್ರೇಲರ್ ಹಿಂಬಾರ ಆದ್ರೆ ಕಪ್ಲರ್ ಬಾಲನ್ನ ಮೇಲಕ್ಕೆತ್ತತ್ತೆ, ಕಾರಿನ ಹಿಂದಿನ ಟೈರ್ ಹಿಡಿತ ಕಮ್ಮಿ ಆಗತ್ತೆ, ಸ್ವಲ್ಪ ಸ್ಪೀಡ್ ಏರ್ತಿದ್ದಂಗೆ ಟ್ರೇಲರ್ ಹಾವಿನ ಬಾಲದಂಗೆ ಆಡೋಕ್ಕೆ ಶುರು ಮಾಡತ್ತೆ. ಶುರುವಾದ್ಮೇಲೆ ಅದನ್ನ ಹಿಡಿಯೋದು ಕಷ್ಟ.

ಟ್ರೇಲರ್‌ನ ಒಟ್ಟು ತೂಕದಲ್ಲಿ ಯುರೋಪಿನವ್ರು 5ರಿಂದ 7 ಪರ್ಸೆಂಟು, ಅಮೆರಿಕದವ್ರು 10ರಿಂದ 15 ಪರ್ಸೆಂಟು ಬಾಲ್ ಮೇಲೆ ಕೂತಿರ್ಬೇಕು ಅಂತಾರೆ, ಇದೇ ಟ್ರೇಲರ್‌ನ ಮೂಕಿ ಭಾರ. ನಮ್ಮ ಕಡೆಯ ರೋಡು, ಹಂಪು ನೋಡ್ಕೊಂಡು ನಾನು 8ರಿಂದ 10 ಅಂತ ಹೇಳ್ತೀನಿ, ಹಿಚ್ ಪ್ಲೇಟಿನ ಲಿಮಿಟ್ ಒಳಗೆ. 600ಕ್ಕೆ 50ರಿಂದ 60 ಕೆಜಿ. ಅಳೆಯೋದು ಸುಲಭ, ಟ್ರೇಲರ್ ತುಂಬಿ, ಸಮ ನೆಲದಲ್ಲಿ ಚಕ್ರಕ್ಕೆ ಅಡ್ಡಗಲ್ಲು ಕೊಟ್ಟು, ಮನೇಲಿ ನಾವು ತೂಕ ನೋಡ್ಕೊಳ್ಳೋ ಮಿಷನ್ ಮೇಲೆ ಒಂದು ಗಟ್ಟಿ ಮರದ ತುಂಡು ನಿಲ್ಲಿಸಿ, ಕಪ್ಲರನ್ನ ಅದರ ಮೇಲೆ ಇಳಿಸಿ. ತುಂಡಿನ ಉದ್ದ ಬಾಲ್ ಎತ್ತರಕ್ಕೆ ಸರಿಯಾಗಿರ್ಬೇಕು, ಇಲ್ದಿದ್ರೆ ತೂಕ ತಪ್ಪು ತೋರ್ಸತ್ತೆ. ಟ್ರೇಲರ್ ಒಟ್ಟು ತೂಕಕ್ಕೆ ಮದ್ದೂರ್ ಮಂಡ್ಯ ಕಡೆ ವೇಬ್ರಿಡ್ಜಿಗೇನು ಬರ, ಒಂದ್ಸಲ ಹಾಕ್ಸಿ ಬರೆದಿಟ್ಕೊಳ್ಳಿ.

ಆ 60 ಕೆಜಿ ಬರೀ 60 ಅಲ್ಲ ಅನ್ನೋದೂ ಗೊತ್ತಿರ್ಲಿ. ನಿಮ್ಮ ಗಾಡಿ ವೀಲ್‌ಬೇಸ್, ಅಂದ್ರೆ ಮುಂದಿನ ಹಿಂದಿನ ಆಕ್ಸಲ್ ನಡುವಿನ ದೂರ, 2.75 ಮೀಟರ್, ಬಾಲ್ ಹಿಂದಿನ ಆಕ್ಸಲ್‌ನಿಂದ ಸುಮಾರು 1.1 ಮೀಟರ್ ಹಿಂದೆ ಅಂತ ಇಟ್ಕೊಳ್ಳಿ. ಏತದ ಹಾಗೆ ಕೆಲಸ ಮಾಡತ್ತೆ ಅದು, ಹಿಂದಿನ ಚಕ್ರಕ್ಕೆ 84 ಕೆಜಿ ಏರತ್ತೆ, ಮುಂದಿನ ಚಕ್ರದಿಂದ 24 ಕೆಜಿ ಎದ್ದೋಗತ್ತೆ. ಜೊತೆಗೆ ಆರು ಜನ, ಅದರಲ್ಲಿ ಹಿಂದಿನ ಸಾಲಲ್ಲಿ ಕೂತೋರ ಭಾರನೂ ಹಿಂದಿನ ಆಕ್ಸಲ್‌ಗೇ. ಅದಕ್ಕೆ ಟ್ರೇಲರ್ ಕಟ್ಟಿದ ದಿನ ಗಾಡಿ ಡಿಕ್ಕಿ ಖಾಲಿ ಇರ್ಲಿ, ಡೋರ್ ಪಕ್ಕದ ಸ್ಟಿಕ್ಕರಲ್ಲಿ ಫುಲ್ ಲೋಡಿಗೆ ಅಂತ ಬರೆದಿರೋ ಗಾಳಿನೇ ಹಿಂದಿನ ಟೈರಿಗೆ ಹಾಕ್ಸಿ.

ತುಂಬೋವಾಗ ವೀಡರ್ ಅಚ್ಚಿನ ಮೇಲೆ, ಚೂರೇ ಚೂರು ಮುಂದಕ್ಕೆ ಬರಂಗಿಟ್ಟು ಬೆಲ್ಟಲ್ಲಿ ಬಿಗೀರಿ. ಹಿಂಡಿ ಮೂಟೆ ಅದರ ಪಕ್ಕ, ತಳದಲ್ಲಿ. ಹಗುರ ಇರೋ ಪೈಪು ಎಲ್ಲಿದ್ರೂ ಆಗತ್ತೆ. ತೆಂಗಿನಕಾಯಿ ವಿಷ್ಯದಲ್ಲಿ ಮಾತ್ರ ಹುಷಾರು ಸಾರ್. ಬಿಡಿಬಿಡಿಯಾಗಿ ಸುರಿದ್ರೆ ಹೊರಡೋವಾಗ ಮೂಕಿ ತೂಕ ಸರಿ ಇರತ್ತೆ, ಒಂದು ಏರು ಹತ್ತೋ ಅಷ್ಟೊತ್ತಿಗೆ ಅರ್ಧ ಕಾಯಿ ಹಿಂದಕ್ಕೆ ಉರುಳ್ಕೊಂಡಿರತ್ತೆ, ನಿಮಗೆ ಗೊತ್ತಾಗ್ದಂಗೆ ಹಿಂಬಾರ ಆಗೋಗಿರತ್ತೆ. ಮೂಟೆ ಕಟ್ಟಿ, ಮುಂದಿನ ಹಲಗೆಗೆ ಒತ್ತರಿಸಿ, ಮೇಲೆ ಬಲೆ ಹಾಕಿ.

ಇಷ್ಟಾದ್ಮೇಲೂ ಟ್ರೇಲರ್ ಆಡ್ತು ಅನ್ನಿ, ಸ್ಟೇರಿಂಗ್ ತಿರುಗ್ಸಿ ಸರಿ ಮಾಡೋಕ್ಕೆ ಹೋಗ್ಬೇಡಿ, ಬ್ರೇಕ್ ಜೋರಾಗಿ ಒತ್ಬೇಡಿ, ಸ್ಪೀಡ್ ಹೆಚ್ಚಿಸಿದ್ರೆ ನೆಟ್ಟಗಾಗತ್ತೆ ಅನ್ನೋ ಮಾತು ನಂಬ್ಲೇಬೇಡಿ. ಸ್ಟೇರಿಂಗ್ ನೆಟ್ಟಗೆ ಹಿಡ್ಕೊಂಡು ಆಕ್ಸಿಲರೇಟರಿಂದ ಕಾಲು ತೆಗೀರಿ, ತಾನಾಗೇ ಇಳಿಯತ್ತೆ. ಪಕ್ಕಕ್ಕೆ ನಿಲ್ಲಿಸಿ ಲೋಡ್ ಮುಂದಕ್ಕೆ ಸರಿಸಿ ಆಮೇಲೆ ಹೊರಡಿ.

ಚೈನ್ ಎರಡು ಹಾಕಿ, ಕಪ್ಲರ್ ಕೆಳಗೆ ಒಂದನ್ನೊಂದು ಕತ್ರಿ ಹಾಕಿದಂಗೆ ದಾಟ್ಸಿ. ಅಕಸ್ಮಾತ್ ಬಾಲಿಂದ ಕಳಚ್ಕೊಂಡ್ರೆ ಟ್ರೇಲರ್ ಮೂತಿ ಆ ಚೈನ್ ತೊಟ್ಟಿಲಲ್ಲಿ ಬಂದು ಕೂರತ್ತೆ, ರೋಡಿಗೆ ಚುಚ್ಚಲ್ಲ. ಕೊಕ್ಕೆ ಹಾಕ್ಬೇಕಾಗಿರೋದು ಹಿಚ್ ಪ್ಲೇಟಿನ ತೂತಿಗೆ, ಬಾಲ್ ಕತ್ತಿಗೆ ಸುತ್ತಿದ್ರೆ ಪ್ರಯೋಜನ ಇಲ್ಲ.

ಆರ್‌ಟಿಓ ವಿಷ್ಯ. 1988ರ ಮೋಟಾರು ವಾಹನ ಕಾಯ್ದೆ ಪ್ರಕಾರ ಟ್ರೇಲರ್ ಕೂಡ ಒಂದು ಮೋಟಾರು ವಾಹನನೇ, ಸೆಕ್ಷನ್ 61ರಲ್ಲಿ ಅದಕ್ಕೂ ರಿಜಿಸ್ಟ್ರೇಷನ್ ಬೇಕು ಅಂತಿದೆ, ಎಳೆಯೋ ಗಾಡಿ ನಂಬರನ್ನ ಟ್ರೇಲರ್ ಮೇಲೂ ಹಾಕ್ಬೇಕು. ಸೆಕ್ಷನ್ 52ರಲ್ಲಿ ಕಂಪನಿ ಕೊಟ್ಟಿದ್ದಕ್ಕಿಂತ ಗಾಡಿ ಬದಲಾಯಿಸೋಕ್ಕೆ ಕಡಿವಾಣ ಇದೆ. ಹಾಗಾಗಿ ದುಡ್ಡು ಕೊಡೋಕ್ಕೆ ಮುಂಚೆನೇ ಟ್ರೇಲರ್ ಪೇಪರು, ಹಿಚ್ ಪೇಪರು ಎರಡೂ ಹಿಡ್ಕೊಂಡು ಆರ್‌ಟಿಓ ಆಫೀಸಿಗೆ ಹೋಗಿ ಕೇಳಿ, ಇನ್ಶೂರೆನ್ಸ್ ಕಂಪನಿಗೂ ಬರವಣಿಗೆಯಲ್ಲಿ ತಿಳಿಸಿ ಉತ್ತರ ಇಟ್ಕೊಳ್ಳಿ. ಪೇಪರ್ ಇಲ್ದಿರೋ ಟ್ರೇಲರ್ ಎಷ್ಟೇ ಚೀಪಾಗಿ ಸಿಕ್ರೂ ಬೇಡ.

ಮೈಸೂರು ಬೆಂಗಳೂರು ಹೈವೇಲಿ 2023ರ ಆಗಸ್ಟ್ 1ರಿಂದ ಟ್ರಾಕ್ಟರನ್ನ, ಟ್ರೇಲರ್ ಇರ್ಲಿ ಇಲ್ದಿರ್ಲಿ, ಮೇನ್ ರೋಡಿಗೆ ಬಿಡ್ತಿಲ್ಲ. ನಿಮ್ಮದು ಟ್ರಾಕ್ಟರ್ ಅಲ್ಲ ನಿಜ, ಆದ್ರೆ ಅಲ್ಲಿ ಕಾರೆಲ್ಲ 100ರಲ್ಲಿ ಹೋಗ್ತಿರತ್ತೆ, ನೀವು 60ರಲ್ಲಿ ಹೋಗ್ಬೇಕು. ಸರ್ವೀಸ್ ರೋಡಲ್ಲೇ ಹೋಗಿ, ಅರ್ಧ ಗಂಟೆ ಲೇಟಾಗ್ಲಿ.

ಪ್ರಶ್ನೆ: ಅಣ್ಣ, ನಾನು ಮಂಡ್ಯದವಳು. ನಮ್ಮದು ಫ್ರಂಟ್ ವೀಲ್ ಡ್ರೈವ್ ಎಸ್‌ಯುವಿ, ಚಾಸಿ ಬೇರೆ ಇಲ್ಲ. ಟೂಲ್ ಕಿಟ್ ಜೊತೆ ಬಂಪರಿಗೆ ತಿರುಗ್ಸಿ ಹಾಕೋ ರಿಂಗ್ ಒಂದು ಕಂಪನಿಯವ್ರೇ ಕೊಟ್ಟಿದಾರೆ. ನಮ್ಮೆಜಮಾನ್ರು ಅದಕ್ಕೇ ಚಿಕ್ಕ ಟ್ರೇಲರ್ ಕಟ್ಬೋದು ಅಂತಾರೆ, ಹೌದಾ?

ಉತ್ತರ: ಇಲ್ಲಮ್ಮ. ಆ ರಿಂಗ್ ಇರೋದು ಗಾಡಿ ಕೆಟ್ಟು ನಿಂತಾಗ, ಕೆಸರಲ್ಲಿ ಸಿಕ್ಕಾಕ್ಕೊಂಡಾಗ ನೆಟ್ಟಗೆ ಮೆಲ್ಲಗೆ ಎಳೆಯೋಕ್ಕೆ. ಅದಕ್ಕೆ ಮೇಲಿಂದ ಭಾರ ತಡ್ಕೊಳ್ಳೋ ಶಕ್ತಿ ಕೊಟ್ಟಿಲ್ಲ, ಒಂದು ಕಡೆಗೆ ಬೇರೆ ಇರತ್ತೆ, ತಿರುವಲ್ಲಿ ಅಡ್ಡ ಎಳೆತ ಬಿದ್ರೆ ರಿಂಗಿನ ತಿರುಪೇ ಕಿತ್ಕೊಂಡು ಬರತ್ತೆ. ಚಾಸಿ ಇಲ್ದಿರೋ ಗಾಡಿಗೂ ಹಿಚ್ ಹಾಕ್ಬೋದು, ಆದ್ರೆ ಕಂಪನಿ ಬಾಡೀಲಿ ಅದಕ್ಕೆ ಅಂತ ಜಾಗ ಬಿಟ್ಟಿದ್ರೆ, ಮ್ಯಾನ್ಯುವಲಲ್ಲಿ ಎಳೆಯೋ ತೂಕ ಬರೆದಿದ್ರೆ ಮಾತ್ರ. ಟ್ರೇಲರ್ ಎಳೀಬೇಡಿ ಅಂತ ಬರೆದಿದ್ರೆ ಅಲ್ಲಿಗೆ ಬಿಟ್ಬಿಡಿ. ಮೇಲೆ ಹೇಳಿದ್ನಲ್ಲ, ಮುಂದಿನ ಚಕ್ರದಿಂದ ಭಾರ ಎದ್ದೋಗತ್ತೆ ಅಂತ, ನಿಮ್ಮ ಗಾಡೀಲಿ ಎಳೆಯೋದೇ ಆ ಮುಂದಿನ ಚಕ್ರ. ಮಳೆಗಾಲದಲ್ಲಿ ತೋಟದ ಏರು ಮಣ್ಣಲ್ಲಿ ಸುಮ್ನೆ ಸುತ್ತತ್ತೆ. ತಿಂಗ್ಳಿಗೊಂದು ಸಲದ ಕೆಲಸ ಆದ್ರೆ ಬಾಡಿಗೆ ಗೂಡ್ಸ್ ಆಟೋನೇ ವಾಸಿ, ನನ್ನ ಮಾತು ಕೇಳಿ.

ಪ್ರಶ್ನೆ: ಶ್ರೀರಂಗಪಟ್ಟಣದಿಂದ ಬರೀತಿದೀನಿ ಸಾರ್. ಹಿಚ್ ಹಾಕ್ಸಾಯ್ತು, ಟ್ರೇಲರ್ ಲೈಟಿಗೆ ಗಾಡಿ ಟೇಲ್ ಲ್ಯಾಂಪ್ ವೈರಿಂದಾನೇ ಜಾಯಿಂಟ್ ಕೊಟ್ಟಿದಾರೆ. ಬ್ರೇಕ್ ಒತ್ತಿದ್ರೆ ಟ್ರೇಲರ್ ಇಂಡಿಕೇಟರ್‌ಗಳೂ ಮಂಕಾಗಿ ಉರಿಯತ್ತೆ, ಗಾಡೀಲಿ ಲ್ಯಾಂಪ್ ವಾರ್ನಿಂಗ್ ಬರತ್ತೆ. ಯಾಕೆ?

ಉತ್ತರ: ಎರಡು ಬೇರೆ ಬೇರೆ ಕಾಯಿಲೆ. ಮಂಕಾಗಿ ಉರಿಯೋದು ನೂರಕ್ಕೆ ತೊಂಬತ್ತು ಪಾಲು ಅರ್ತ್ ಸಮಸ್ಯೆ. 7 ಪಿನ್ ಸಾಕೆಟ್ಟಲ್ಲಿ 3ನೇ ಪಿನ್ನು, ಬಿಳಿ ವೈರು, ಅದು ಅರ್ತು. ಅದರ ತುದಿ ಪೇಂಟ್ ಮೇಲೆ ಕೂತಿದ್ರೆ ಕರೆಂಟಿಗೆ ವಾಪಸ್ ಹೋಗೋಕ್ಕೆ ದಾರಿ ಸಿಗ್ದೆ ಪಕ್ಕದ ಬಲ್ಬ್ ಮೂಲಕ ನುಸುಳತ್ತೆ, ಅದಕ್ಕೇ ಸಂಬಂಧ ಇಲ್ದಿರೋ ಲೈಟು ಮಿಣುಕೋದು. ಪೇಂಟ್ ಕೆರೆದು ಬೆಳ್ಳಗೆ ಲೋಹ ಕಾಣೋ ತನಕ ಉಜ್ಜಿ, ಬೋಲ್ಟ್ ಹಾಕಿ ಬಿಗಿದು, ಮೇಲೆ ಗ್ರೀಸ್ ಹಚ್ಸಿ. ಎಡಗಡೆ ಇಂಡಿಕೇಟರ್ ಹಳದಿ 1, ಬಲಗಡೆದು ಹಸಿರು 4, ಬ್ರೇಕು ಕೆಂಪು 6, ಇದೂ ಸರಿ ಇದ್ಯಾ ನೋಡಿಸಿ.

ವಾರ್ನಿಂಗ್ ಬರ್ತಿರೋದು ಜಾಯಿಂಟ್ ಕೊಟ್ಟಿದ್ದಕ್ಕೆ. ಈಗಿನ ಗಾಡಿ ಎಲ್‌ಇಡಿ ಲ್ಯಾಂಪಿಗೆ ಕರೆಂಟ್ ತುಂಬಾ ಕಮ್ಮಿ ಸಾಕು, ನಿಮ್ಮ ಟ್ರೇಲರ್‌ನ 21 ವ್ಯಾಟಿನ ಒಂದೊಂದು ಬ್ರೇಕ್ ಬಲ್ಬೂ ಹತ್ತತ್ರ 1.75 ಆಂಪಿಯರ್ ಎಳೆಯತ್ತೆ. ಗಾಡಿ ಕಂಪ್ಯೂಟರ್ ಅದನ್ನ ಶಾರ್ಟ್ ಅಂತ ತಿಳ್ಕೊಳ್ಳತ್ತೆ, ಹಂಗೇ ಓಡಿಸ್ತಿದ್ರೆ ಆ ಕಂಪ್ಯೂಟರ್ ಮಾಡ್ಯೂಲೇ ಸುಟ್ಟೋಗ್ಬೋದು, ಅದು ದುಬಾರಿ. ಟ್ರೇಲರ್ ರಿಲೇ ಮಾಡ್ಯೂಲ್ ಅಂತ ಒಂದು ಡಬ್ಬಿ ಸಿಗತ್ತೆ, ಅದು ಟೇಲ್ ಲ್ಯಾಂಪಿಂದ ಸಿಗ್ನಲ್ ಮಾತ್ರ ತಗೊಂಡು ಕರೆಂಟನ್ನ ಫ್ಯೂಸ್ ಮೂಲಕ ಬ್ಯಾಟರಿಯಿಂದಾನೇ ಕೊಡತ್ತೆ. ಅದನ್ನ ಹಾಕ್ಸೋ ತನಕ ಸಾಕೆಟ್ ಕಿತ್ತಿಡಿ, ರಾತ್ರಿ ಟ್ರೇಲರ್ ರೋಡಿಗಿಳಿಸ್ಬೇಡಿ. ಆಲೆಮನೆ ಸೀಸನ್ನಲ್ಲಿ ಲೈಟಿಲ್ದೆ ನಿಂತಿರೋ ಕಬ್ಬಿನ ಟ್ರೇಲರ್‌ಗೆ ಬೈಕ್ ಗುದ್ದೋ ಸುದ್ದಿ ನಾವೆಲ್ಲ ಕೇಳ್ತಾನೇ ಇದೀವಿ. ಹಿಂದೆ ಕೆಂಪು, ಪಕ್ಕಕ್ಕೆ ಹಳದಿ, ಮುಂದೆ ಬಿಳಿ ರಿಫ್ಲೆಕ್ಟರ್ ಟೇಪ್ ಇವತ್ತೇ ಅಂಟ್ಸಿ.

ಇನ್ನೊಂದು ಮಾತು, ಇದು ಮೂರೂ ಜನಕ್ಕೆ. ಹೊಸ ಟ್ರೇಲರಲ್ಲಿ ಮೊದಲ ಸಲ ಹೊರಟಾಗ ಒಂದು 10 ಕಿಲೋಮೀಟರ್ ಆದ್ಮೇಲೆ ಪಕ್ಕಕ್ಕೆ ನಿಲ್ಲಿಸಿ, ಇಳಿದು ಟ್ರೇಲರ್‌ನ ಒಂದೊಂದು ಚಕ್ರದ ಹಬ್, ಅಂದ್ರೆ ಚಕ್ರದ ನಟ್ಟನಡುವಿನ ಗುಂಭದ ಹತ್ರ ಕೈ ತಂದು ನೋಡಿ, ಆಮೇಲೆ ಮುಟ್ಟಿ. ಉಗುರುಬೆಚ್ಚಗಿದ್ರೆ ಸರಿ. ಕೈ ಇಡೋಕ್ಕಾಗ್ದಷ್ಟು ಸುಡ್ತಿದ್ರೆ ಬೇರಿಂಗಲ್ಲಿ ಗ್ರೀಸಿಲ್ಲ ಅಥವಾ ನಟ್ ಜಾಸ್ತಿ ಬಿಗಿದಿದಾರೆ, ಅಲ್ಲಿಂದ ಮುಂದಕ್ಕೆ ಹೋಗ್ಬೇಡಿ.