ಹತ್ತೇ ಜೀವಕೋಶಗಳಿಂದ ಪ್ರೋಟೀನ್ ವಿಶ್ಲೇಷಣೆ ಸಾಧ್ಯವೇ? ಅದಕ್ಕೆ ಚಿಪ್ ಏಕೆ ಬೇಕು?

ಸಾಧ್ಯ. ಆದರೆ ಮಾಮೂಲಿ ಪ್ಲಾಸ್ಟಿಕ್ ಟ್ಯೂಬಿನಲ್ಲಿ ಮಾಡಿದರೆ ಕೈಗೆ ಸಿಗುವುದು ತೀರಾ ಕಡಿಮೆ. ನಮ್ಮ ಮೈಯ ಒಂದು ಜೀವಕೋಶದಲ್ಲಿ ಸಾಮಾನ್ಯವಾಗಿ ಇರುವುದು ನೂರಾರು ಪಿಕೋಗ್ರಾಂ (ಒಂದು ಪಿಕೋಗ್ರಾಂ ಅಂದರೆ ಗ್ರಾಮಿನ ಲಕ್ಷ ಕೋಟಿಯಲ್ಲೊಂದು ಭಾಗ) ಪ್ರೋಟೀನ್ ಅಷ್ಟೇ. ಡಿಎನ್‌ಎ ಆದರೆ ಪಿಸಿಆರ್ ಎಂಬ ನಕಲು ಮಾಡುವ ವಿಧಾನದಿಂದ ಜಾಸ್ತಿ ಮಾಡಿಕೊಳ್ಳಬಹುದು, ಪ್ರೋಟೀನಿಗೆ ಆ ದಾರಿಯಿಲ್ಲ. ಇರುವುದನ್ನೇ ಜೋಪಾನ ಮಾಡಬೇಕು.

ಕಳೆದುಹೋಗುವುದು ಎಲ್ಲಿ ಗೊತ್ತಾ? ಟ್ಯೂಬಿನ ಗೋಡೆಯಲ್ಲಿ, ದ್ರವ ಎತ್ತುವ ಪಿಪೆಟ್ ತುದಿಯಲ್ಲಿ. ಪ್ರೋಟೀನ್ ಅಲ್ಲೆಲ್ಲ ಅಂಟಿಕೊಳ್ಳುತ್ತದೆ. ಲಕ್ಷಗಟ್ಟಲೆ ಕೋಶಗಳಿದ್ದಾಗ ಅದು ಲೆಕ್ಕಕ್ಕೇ ಬರುವುದಿಲ್ಲ. ಹತ್ತೇ ಇದ್ದಾಗ ಅದೇ ದೊಡ್ಡ ನಷ್ಟ.

2018ರಲ್ಲಿ ಪ್ರಕಟವಾದ ನ್ಯಾನೋಪಾಟ್ಸ್ ವಿಧಾನ ನನಗೆ ತುಂಬಾ ಇಷ್ಟ. ಗಾಜಿನ ಚಿಪ್ ಮೇಲೆ ಸುಮಾರು 1 ಮಿಲಿಮೀಟರ್ ಅಗಲದ, ನೀರು ಹಿಡಿದಿಡುವ ಚುಕ್ಕೆಗಳಿರುತ್ತವೆ. ಸುತ್ತಲೂ ನೀರು ನಿಲ್ಲದ ಲೇಪ. ಹಾಗಾಗಿ ಹನಿ ಚುಕ್ಕೆಯ ಮೇಲೇ ಗುಂಡಗೆ ಕೂರುತ್ತದೆ. ಅದರ ಗಾತ್ರ ಸುಮಾರು 200 ನ್ಯಾನೋಲೀಟರ್, ಅಂದರೆ ಮಿಲಿಲೀಟರಿನ ಐದು ಸಾವಿರದಲ್ಲೊಂದು ಭಾಗ. ಮೊದಲು ಡಿಟರ್ಜೆಂಟ್ (ಸೋಪಿನಂಥ ವಸ್ತು) ಕೋಶವನ್ನು ಒಡೆಯುತ್ತದೆ, ಜೊತೆಗೇ ಹಾಕಿದ ಡಿಟಿಟಿ ಎಂಬ ರಾಸಾಯನಿಕ ಪ್ರೋಟೀನಿನ ಸಲ್ಫರ್ ಬಂಧಗಳನ್ನು ಬಿಡಿಸುತ್ತದೆ, ಕೊನೆಗೆ ಟ್ರಿಪ್ಸಿನ್ ಎಂಬ ಕಿಣ್ವ ಪ್ರೋಟೀನನ್ನು ತುಂಡರಿಸುತ್ತದೆ. ಎಲ್ಲವೂ ಅದೇ ಹನಿಯಲ್ಲಿ, ಹಾಗಾಗಿ ಪ್ರೋಟೀನ್ ಅಂಟಿಕೊಳ್ಳುವ ಜಾಗವೂ ಕಡಿಮೆ! ಹನಿ ಚಿಕ್ಕದಾದ್ದರಿಂದ ಟ್ರಿಪ್ಸಿನ್ನಿಗೆ ಪ್ರೋಟೀನ್ ಬೇಗ ಸಿಗುತ್ತದೆ, ಇದೂ ಲಾಭವೇ ಅಲ್ವಾ? ಹೀಗೆ ಹತ್ತು ಕೋಶಗಳಲ್ಲೇ 3000ಕ್ಕೂ ಹೆಚ್ಚು ಪ್ರೋಟೀನುಗಳನ್ನು ಗುರುತಿಸಿದ್ದಾರೆ.

ನೀವೇ ಮಾಡುವುದಾದರೆ ಎರಡು ಎಚ್ಚರಿಕೆ. ಇಷ್ಟು ಚಿಕ್ಕ ಹನಿ ನೋಡನೋಡುತ್ತಲೇ ಆರಿಹೋಗುತ್ತದೆ. ತೇವ ತುಂಬಿದ ಪೆಟ್ಟಿಗೆಯೊಳಗೆ ಕೆಲಸ ಮಾಡಿ, ಕಾಯಿಸುವಾಗ ಚಿಪ್ ಮುಚ್ಚಿಡಿ. ಎಸ್‌ಡಿಎಸ್ ಎಂಬ ಡಿಟರ್ಜೆಂಟ್ ಬೇಡ, ಅದು ತುಂಡುಗಳನ್ನು ತೂಗಿ ಪ್ರೋಟೀನ್ ಗುರುತಿಸುವ ಯಂತ್ರವಾದ ಮಾಸ್ ಸ್ಪೆಕ್ಟ್ರೋಮೀಟರಿನ ಸಿಗ್ನಲ್ ಕೆಡಿಸುತ್ತದೆ. ಬದಲಿಗೆ ಡಿಡಿಎಂ ಎಂಬ ಮೃದು ಡಿಟರ್ಜೆಂಟ್ ಬಳಸಿ.