ಜೊಂಬಿ ಬೊಂಬೆಯಾಟ: ಗುಂಪು ಮತ್ತು ಕಳಚುವ ತೋಳು

ಜೊಂಬಿ ಚಿತ್ರವೊಂದನ್ನು ಹಾಸ್ಯದ ಬೊಂಬೆಯಾಟವಾಗಿ ರಂಗಕ್ಕೆ ತರುವಾಗ, ಆಡಿಸುವವರು ಮೂವರೇ ಇದ್ದರೆ ಜೊಂಬಿಗಳ ಗುಂಪನ್ನು ತೋರಿಸುವುದು ಹೇಗೆ, ರಕ್ತಪಾತದಿಂದ ನಗು ಹುಟ್ಟಿಸುವುದು ಹೇಗೆ ಎಂದು ತಾವು ಕೇಳಿದ್ದೀರಿ. ಒಂದೇ ಅಡ್ಡಕೋಲಿಗೆ ಐದಾರು ಹಗುರವಾದ ಬೊಂಬೆಗಳನ್ನು ಸಡಿಲವಾಗಿ ಕಟ್ಟಿ, ಅವುಗಳ ಮುಂದೆ ಒಂದು ಕೈಬೊಂಬೆಯನ್ನು ಮಾತ್ರ ಚುರುಕಾಗಿ ಆಡಿಸಿದರೆ ಸಾಕು. ಪ್ರೇಕ್ಷಕರ ಗಮನ ಮುಂದಿನ ಮುಖದ ಮೇಲೆ ನಿಲ್ಲುವುದರಿಂದ ಹಿಂದಿನವುಗಳ ತೂಗಾಟವೇ ನಡಿಗೆಯಂತೆ ಕಾಣುತ್ತದೆ.

ಕಳಚುವ ತೋಳಿಗಾಗಿ ಭುಜದಲ್ಲೊಂದು, ತೋಳಿನ ತುದಿಯಲ್ಲೊಂದು ಸಣ್ಣ ಅಯಸ್ಕಾಂತವನ್ನು ಬಟ್ಟೆಯೊಳಗೆ ಹೊಲಿದು, ನಡುವೆ ಕೆಂಪು ರಿಬ್ಬನ್ ಮಡಚಿಡಿ. ದ್ರವರೂಪದ ಬಣ್ಣ ಬೇಡವೇ ಬೇಡ, ಬೊಂಬೆಯ ಬಟ್ಟೆ ಹಾಳಾಗುತ್ತದೆ. ತೋಳು ಬಿದ್ದ ಕೂಡಲೇ ಮುಂದಿನ ಮಾತಿಗೆ ಧಾವಿಸದೆ, ಬೊಂಬೆಯು ಮೊದಲು ಖಾಲಿ ಭುಜವನ್ನು, ಆಮೇಲೆ ಕೆಳಗೆ ಬಿದ್ದ ತೋಳನ್ನು, ಕೊನೆಗೆ ಪ್ರೇಕ್ಷಕರನ್ನು ನಿಧಾನವಾಗಿ ನೋಡುವಂತೆ ಮಾಡಿ. ನನ್ನ ಅಭಿಪ್ರಾಯದಲ್ಲಿ ಇಡೀ ದೃಶ್ಯದ ನಗು ಇರುವುದು ಆ ಮೂರನೆಯ ನೋಟದಲ್ಲಿ.

ಚಿತ್ರವನ್ನು ಇನ್ನೂ ಆರಿಸಿಲ್ಲವಾದರೆ 1968ರ ‘ನೈಟ್ ಆಫ್ ದ ಲಿವಿಂಗ್ ಡೆಡ್’ ಅನ್ನು ಪರಿಗಣಿಸಿ. ಬಿಡುಗಡೆಯಾದ ಪ್ರತಿಗಳಲ್ಲಿ ಹಕ್ಕುಸ್ವಾಮ್ಯದ ಸೂಚನೆ ಬಿಟ್ಟುಹೋದ ಕಾರಣ ಅಮೆರಿಕದಲ್ಲಿ ಅದು ಸಾರ್ವಜನಿಕ ಸ್ವತ್ತಾಗಿದೆ. ಬೇರೆ ಚಿತ್ರವಾದರೆ ಟಿಕೆಟ್ ಮಾರುವ ಮೊದಲೇ ಹಕ್ಕುದಾರರ ಅನುಮತಿ ಪಡೆಯಿರಿ.