ರಾತ್ರಿ ರಾಕೆಟ್ಟು, ಮುಂಜಾನೆ ಗಿರ್ಮಿಟ್ಟು

ಹೋದ ಸಂಚಿಕಿಯೊಳಗ ಒಂದೇ ಸಾಲು ಬರ್ದಿದ್ದೆ, ಹುಬ್ಬಳ್ಳಿ ವಿದ್ಯಾನಗರದಾಗ ನಾವೊಂದಿಷ್ಟು ಗೆಳೆಯಾರು ವರ್ಷಕ್ಕೊಮ್ಮಿ ಜನವರಿ 25ರ ಸಂಜಿ 6ಕ್ಕ ಕುಂತು 26ರ ಮುಂಜಾನೆ 6ರ ತನಕಾ ಬರೇ ಸೈನ್ಸ್ ಫಿಕ್ಷನ್ ಪಿಚ್ಚರ್ ನೋಡ್ತೇವಿ ಅಂತ. ಅಷ್ಟಕ್ಕೇ ಇಷ್ಟು ಪತ್ರ, ಇಷ್ಟು ವಾಟ್ಸಾಪ್ ಬಂದಾವು ಅಂದ್ರ ಈ ಸಲದ ಅಂಕಣ ಪೂರಾ ಅದಕ್ಕೇ ಕೊಟ್ಟೇನಿ. ಕೂದ್ಲು ಉದರೂದು, ಮನಿ ಹದ್ದಿನ ಜಗಳದ ಪ್ರಶ್ನೆ ಕಳಿಸಿದವ್ರು ಮುಂದಿನ ಸಂಚಿಕಿ ತನಕಾ ತಡಕೋರಿ.

ಪ್ರಶ್ನೆ: ಈ ಹುಚ್ಚು ನಿಮಗಷ್ಟೇ ಐತೋ, ಬ್ಯಾರೆ ಕಡೆನೂ ಯಾರರ ಹಿಂಗ ಮಾಡ್ತಾರೋ?
(ಸಾಧನಕೇರಿ, ಧಾರವಾಡ)

ಉತ್ತರ: ನಮ್ದು ಅರ್ಧಾ ಹುಚ್ಚು ನೋಡ್ರಿ, ಪೂರಾ ಹುಚ್ಚು ಅಮೆರಿಕಾದ ಬಾಸ್ಟನ್ ಕಡೆ ಐತಿ. ಅಲ್ಲಿ 1976ರಾಗ, ಬಾಸ್ಟನ್ ಬಾಜೂಕಿನ ಕೇಂಬ್ರಿಜ್ ಊರಾಗ ಆರ್ಸನ್ ವೆಲ್ಸ್ ಅನ್ನೂ ಥೇಟರ್‌ನ್ಯಾಗ ಚಾಲೂ ಆದದ್ದು, ಬರೋಬ್ಬರಿ 24 ತಾಸು, ಫೆಬ್ರುವರಿಯೊಳಗ ಒಂದು ರವಿವಾರ ಮಧ್ಯಾಹ್ನ ಕುಂತ್ರ ಸೋಮವಾರ ಮಧ್ಯಾಹ್ನ ಏಳೂದು. ಸೋಮವಾರ ಯಾಕಂದ್ರ ಅವತ್ತು ಅವ್ರಿಗೆ ಪ್ರೆಸಿಡೆಂಟ್ಸ್ ಡೇ ಸೂಟಿ, ನಮಗ 26 ಜನವರಿ ಇದ್ದಂಗ. 1986ರಾಗ ಆ ಥೇಟರಿಗೇ ಬೆಂಕಿ ಬಿತ್ತು, ಆದ್ರ ಜನಾ ಬಿಡಬೇಕಲ್ಲ, ಥೇಟರ್ ಬದಲಿಸಿಕೋತ ನಡಿಸಿಕೊಂಡು ಬಂದ್ರು, ಸಮರ್‌ವಿಲ್ ಅನ್ನೂ ಊರಿನ ಹಳೇ ಥೇಟರ್‌ನ್ಯಾಗ ಭಾಳ ವರ್ಷ ನಡೀತು.

ನಮ್ಮ ಬಳಗದ ಒಬ್ಬಾಂವ ಕೆಲಸಕ್ಕ ಅಂತ ಆ ಕಡೆ ಹೋದಾಗ ಒಂದು ವರ್ಷ ಅಲ್ಲಿ ಕುಂತು ಬಂದ. ಎಲ್ಲಾರೂ ದಿಂಬು, ಚಾದರ ಹೊತಗೊಂಡು ಬಂದಿರ್ತಾರಂತ, 1953ರ ಒಂದು ಬಾತುಕೋಳಿ ಕಾರ್ಟೂನ್ ಐತಿ, ಏಳು ನಿಮಿಷದ್ದು, ಅದನ್ನ ವರ್ಷಾ ತಪ್ಪದ ಹಾಕ್ತಾರ, ಎಲ್ಲಾರಿಗೂ ಬಾಯಿಪಾಠ. ಮತ್ತ ಒಂದು ಸ್ಪರ್ಧೆ, ಅನ್ಯಗ್ರಹದ ಪ್ರಾಣಿ ಜೋಡಿ ಹುಡುಕೂ ಮುಂದ ಹೆಂಗ ಕೂಗ್ತೈತಿ ಅಂತ ಸ್ಟೇಜ್ ಹತ್ತಿ ಕೂಗಿ ತೋರಸಬೇಕು. ನೀ ಕೂಗಿದ್ಯೇನಪಾ ಅಂತ ಕೇಳಿದ್ರ ಹೌದೂ ಅನ್ನಂಗಿಲ್ಲ ಇಲ್ಲಾನೂ ಅನ್ನಂಗಿಲ್ಲ. ಆದ್ರ ಒಮ್ಮಿ ಮಾಳಗಿ ಮ್ಯಾಲ ನಿಂತು ಸ್ಯಾಂಪಲ್ ತೋರಿಸಿದ, ಬಾಜೂ ಓಣಿ ನಾಯಿ ಹತ್ತು ನಿಮಿಷ ಉತ್ತರ ಕೊಡ್ತು.

ಪ್ರಶ್ನೆ: ನಾ ಹರೇದಾಗ ಟೂರಿಂಗ್ ಟಾಕೀಸ್‌ನ್ಯಾಗ ರೀಲ್ ಹಚ್ಚತಿದ್ದೆ. 24 ತಾಸಿನ ಆಟಕ್ಕ ಎಷ್ಟು ರೀಲ್ ಬೇಕಾಗ್ತಿದ್ವು?
(ಹಾವೇರಿ)

ಉತ್ತರ: ಕಾಕಾರ, ನೀವು ನನ್ನ ಪರೀಕ್ಷೆ ಮಾಡಾಕತ್ತೀರಿ ಅಂತ ಗೊತ್ತಾತು, ಆದ್ರೂ ಲೆಕ್ಕಾ ಮಾಡೇನಿ. 35 ಎಂಎಂ ಫಿಲ್ಮು ಸೆಕೆಂಡಿಗೆ 24 ಫ್ರೇಮು, ಅಂದ್ರ ನಿಮಿಷಕ್ಕ 90 ಫೂಟ್ ಓಡ್ತೈತಿ. 24 ತಾಸಿಗೆ 1,440 ನಿಮಿಷ, ಗುಣಿಸಿದ್ರ 1,29,600 ಫೂಟ್, ಸುಮಾರು 39 ಕಿಲೋಮೀಟರ್ ಮ್ಯಾಲ ಆತು. ನಮ್ಮ ಹುಬ್ಬಳ್ಳಿಗೂ ಧಾರವಾಡಕ್ಕೂ 20 ಕಿಲೋಮೀಟರ್ ಆಜೂಬಾಜೂ, ಹಂಗಾರ ಚೆನ್ನಮ್ಮ ಸರ್ಕಲ್‌ನ್ಯಾಗ ಒಂದು ತುದಿ ಕಟ್ಟಿ ಹೊಂಟ್ರ ಧಾರವಾಡ ಮುಟ್ಟಿ, ಲೈನ್ ಬಜಾರದಾಗ ಪೇಢಾ ತಿಂದು, ತಿರುಗಿ ಉಣಕಲ್ಲ ದಾಟಿ ಬರೂತನಕಾ ಫಿಲ್ಮ್ ಹಾಸಬಹುದು. 2,000 ಫೂಟಿನ ದೊಡ್ಡ ರೀಲ್ ಹಿಡದ್ರ 65 ರೀಲು. ಒಂದೊಂದು 22 ನಿಮಿಷ, ಅಷ್ಟರಾಗ ಬಾಜೂ ಪ್ರೊಜೆಕ್ಟರ್ ತಯಾರ್ ಇಡಬೇಕು, ನಿಮಗ ಹೇಳೂದೇನು.

ಪರದೆ ಬಲಗಡೆ ಮ್ಯಾಲಿನ ಮೂಲ್ಯಾಗ ಒಂದು ಚಿಕ್ಕಿ ಮಿಂಚಿ ಹೋಗ್ತಿತ್ತಲ್ಲ, ಮೊದಲನೇದು ಬಂದ್ರ ಎರಡನೇ ಮಷೀನಿನ ಮೋಟಾರ್ ಚಾಲೂ ಮಾಡು, ಏಳೆಂಟು ಸೆಕೆಂಡಿಗೆ ಇನ್ನೊಂದು ಬಂದ್ರ ಈ ಕಡೆಯಿಂದ ಆ ಕಡೆ ಬದಲಿಸು ಅಂತ. ಹೋದ ವರ್ಷ ಹಳೇ ಪ್ರಿಂಟಿನಿಂದ ಮಾಡಿದ ಒಂದು ಪಿಚ್ಚರ್ ಹಾಕಿದಾಗ ಆ ಚಿಕ್ಕಿ ಹಂಗ ಉಳಕೊಂಡಿತ್ತು, ನಮ್ಮ ಹುಡುಗೂರು “ಅಣ್ಣಾ, ಯುಎಫ್ಓ ಹೋತು” ಅಂತ ಹಿಂದಕ್ಕ ಓಡಿಸಿ ನಾಕ್ ಸಲ ನೋಡಿದ್ರು. ನಾ ಸುಮ್ನಿದ್ದೆ. ಅವರ ಖುಷಿ ಯಾಕ ಹಾಳು ಮಾಡೂದು.

ಪ್ರಶ್ನೆ: ನೀವು ಈಗ ಮಾಡೂದನ್ನ ನಾವು ಗದಗದಾಗ ಗಣಪತಿ ಹಬ್ಬಕ್ಕ ಯಾವಾಗೋ ಮಾಡೇವಿ, ಬಾಡಿಗಿ ವಿಸಿಪಿ (ವಿಡಿಯೋ ಕ್ಯಾಸೆಟ್ ಓಡಿಸೂ ಮಷೀನ್) ತಂದು ರಾತ್ರಿಯೆಲ್ಲಾ. ಅದು ಲೆಕ್ಕಕ್ಕ ಬರಂಗಿಲ್ಲೇನು?
(ಬೆಟಗೇರಿ, ಗದಗ)

ಉತ್ತರ: ಬರಂಗಿಲ್ಲ ಅಂತ ಅಂದಾವ್ರು ಯಾರ್ರಿ, ಅದೇ ಮೂಲ! ನಮ್ಮ ಓಣ್ಯಾಗೂ ಹಂಗ, ಪಟ್ಟಿ ಎತ್ತಿ, ಟಿವಿ ವಿಸಿಪಿ ಎರಡೂ ಬಾಡಿಗಿ ತಂದು, ನಾಕ್ ಕ್ಯಾಸೆಟ್, ಮೊದಲನೇದು ದೇವರದ್ದು ಕಡ್ಡಾಯ, ಎರಡನೇದು ಅಣ್ಣಾವ್ರದ್ದು, ಮೂರನೇದು ಹಿಂದಿ ಫೈಟಿಂಗ್, ಕಡೇದ್ದು ಹಿರ್ಯಾರು ಮಕ್ಕೊಂಡ ಮ್ಯಾಲ ಇಂಗ್ಲಿಷ್. ಒಂದು ವರ್ಷ ಆ ಕಡೇದ್ದು ಟರ್ಮಿನೇಟರ್‌ನ ಎರಡನೇ ಭಾಗ ಬಂತು, 1991ರದ್ದು, ನಮ್ಮ ಓಣಿಗೆ ಮುಟ್ಟೂದ್ರಾಗ ಆ ಕ್ಯಾಸೆಟ್ ಎಷ್ಟು ಮನಿ ತಿರುಗಿತ್ತೋ, ಅರ್ಧಾ ಪರದೆ ಬರೇ ಗೆರಿ. ವಿಸಿಪಿಯೊಳಗಿನ ಟೇಪ್ ಓದೂ ಹೆಡ್ ಹೊಲಸಾಗೇತಿ ಅಂತ ಒಬ್ಬಾಂವ ಹೊಸಾ ಎರಡು ರೂಪಾಯಿ ನೋಟು ತುರುಕಿ ಒರೆಸಿದ, ಗೆರಿ ಹೋದ್ವು, ನೋಟು ಹರೀತು, ರೊಕ್ಕ ಯಾರು ಕೊಡಬೇಕು ಅಂತ ಜಗಳ.

ಕನ್ನಡ ಡಬ್ಬಿಂಗ್ ಆಗ ಎಲ್ಲಿಂದ ಬರಬೇಕು, ಇಂಜಿನಿಯರಿಂಗ್ ಓದೂ ಅಣ್ಣ ಒಬ್ಬಾಂವ ಟಿವಿ ಬಾಜೂಕ ನಿಂತು ರನ್ನಿಂಗ್ ಕಾಮೆಂಟ್ರಿ ಕೊಡ್ತಿದ್ದ. ಆ ದ್ರವಲೋಹದ ಮನಶ್ಯಾ ಇದ್ದಾನಲ್ಲ, ಕರಗಿ ನೆಲಕ್ಕ ಹರದು ಮತ್ತ ಎದ್ದು ನಿಲ್ಲಾಂವ, ಅವನ್ನ ನೋಡಿ “ಇಂವಾ ಪಾದರಸದಾಂವ, ಥರ್ಮಾಮೀಟರ್ ಒಡದಾಗ ಹುಟ್ಯಾನ” ಅಂದುಬಿಟ್ಟ. ನಾವು ನಂಬಿದ್ವಿ ನೋಡ್ರಿ. ನಿದ್ದಿ ಬರಲಾರದ ಎದ್ದು ಕುಂತಿದ್ದ ನಮ್ಮಜ್ಜಿ ಅಷ್ಟೊತ್ತು ಸುಮ್ನ ನೋಡಿ “ಇವಂಗ ಹಸಿವಿ ಆಗಂಗಿಲ್ಲೇನೋ ತಮ್ಮಾ, ಒಬ್ಬರೂ ಒಂದು ತುತ್ತು ಕೊಡವಲ್ರು” ಅಂದ್ಲು. ಆ ಪಿಚ್ಚರ್ ಆಮ್ಯಾಲ ನಾ ಎಷ್ಟೋ ಸಲ ನೋಡೇನಿ, ಪ್ರತಿ ಸಲ ಅಜ್ಜಿ ಮಾತ ನೆನಪಾಗ್ತೈತಿ.

ಪ್ರಶ್ನೆ: ತಿನ್ನಾಕ ಏನು ಇಡ್ತೀರಿ?
(ಕೇಶ್ವಾಪುರ, ಹುಬ್ಬಳ್ಳಿ)

ಉತ್ತರ: ಸಂಕ್ರಾಂತಿಗೆ ಮಾಡಿದ ಎಳ್ಳ ಹಚ್ಚಿದ ಸಜ್ಜಿ ರೊಟ್ಟಿ 25ಕ್ಕೂ ಡಬ್ಬಿಯೊಳಗ ಇರ್ತಾವ, ಖಡಕ್, ಜೋಡಿ ಶೇಂಗಾ ಚಟ್ನಿ, ಗಟ್ಟಿ ಮಸರು. ಆದ್ರ ರೊಟ್ಟಿದೊಂದು ತಕರಾರು ಐತಿ, ಸಪ್ಪಳ. ಹನ್ನೆರಡು ಮಂದಿ ಕೂಡಿ ಖಡಕ್ ರೊಟ್ಟಿ ಮುರದ್ರ ಮುಂದಿನ ಡೈಲಾಗ್ ಯಾವ ಗ್ರಹಕ್ಕೂ ಕೇಳಂಗಿಲ್ಲ. ಅದಕ್ಕ ನಮ್ಮಲ್ಲೆ ಕಾಯ್ದೆ ಆಗೇತಿ, ಗುಂಡಿನ ಸಪ್ಪಳ, ರಾಕೆಟ್ ಹಾರೂದು, ಕಟ್ಟಡ ಬೀಳೂದು ಬಂದಾಗಷ್ಟೇ ರೊಟ್ಟಿ ಕಡೀಬೇಕು. ಮಾತಿನ ಪಿಚ್ಚರ್ ಬಂದ್ರ ಉಪವಾಸ. ಮುಂಜಾನೆ ಉಳಿದ ಚುರುಮರಿಗೆ ಉಳ್ಳಾಗಡ್ಡಿ ಹುಣಸಿ ಗೊಜ್ಜು ಕಲಿಸಿ ಪುಠಾಣಿ ಹಿಟ್ಟು ಉದರಿಸಿ ಗಿರ್ಮಿಟ್, ಚಹಾ.

ಪ್ರಶ್ನೆ: ಪಿಚ್ಚರ್‌ನ್ಯಾಗ ಬಾಹ್ಯಾಕಾಶದೊಳಗ ಬಾಂಬ್ ಸಿಡದ್ರ ಢಮ್ ಅಂತೈತಿ. ಅಲ್ಲಿ ಗಾಳಿನೇ ಇಲ್ಲ, ಸಪ್ಪಳ ಎಲ್ಲಿಂದ ಬರಬೇಕು?
(ಪಿಯುಸಿ ವಿದ್ಯಾರ್ಥಿ, ನವನಗರ)

ಉತ್ತರ: ತಮ್ಮಾ, ನೀ ಹೇಳಿದ್ದ ಖರೇ, ಸಪ್ಪಳ ಹಾಯಾಕ ಗಾಳಿನೋ ನೀರೋ ಏನರ ಒಂದು ಬೇಕು. ಢಮ್ ಅನ್ನಿಸೂದು ಟಿಕೆಟ್ ರೊಕ್ಕಕ್ಕ. ಅದನ್ನ ಬಿಟ್ಟು ಸರಳ ಸುಮ್ಮನಿದ್ದ ಪಿಚ್ಚರ್ 1968ರ ಸ್ಟ್ಯಾನ್ಲಿ ಕುಬ್ರಿಕ್ ಮಾಡಿದ್ದು, ‘2001: ಎ ಸ್ಪೇಸ್ ಒಡಿಸ್ಸಿ’. ಹೊರಗ ತೇಲಾಂವನ ಉಸಿರಷ್ಟೇ ಕೇಳ್ತೈತಿ, ಕೆಲವು ಕಡೆ ಅದೂ ಇಲ್ಲ.

ಇದರ ಮ್ಯಾಲ ನಮ್ಮ ಮರ್ಯಾದಿ ಹೋದ ಸುದ್ದಿ ಒಂದೈತಿ, ಹೇಳೇ ಬಿಡ್ತೇನಿ. ಎರಡನೇ ವರ್ಷ ಇದನ್ನ ಹಾಕಿದ್ವಿ, ರಾತ್ರಿ ಒಂದೂವರಿ ಸುಮಾರು. ನಮ್ಮಾಗೊಬ್ಬ ಬಲ್ಲಾಂವ ಇದ್ದಾನ, ಮೊದಲ ಭಾಷಣ ಕೊಟ್ಟಿದ್ದ, ಇದರಾಗ ಮೌನನೇ ಹೀರೋ ಅಂತ. ಪಿಚ್ಚರ್‌ನ್ಯಾಗ ಇಬ್ಬರು ಗಗನಯಾತ್ರಿಗಳು ಕಂಪ್ಯೂಟರ್‌ಗೆ ಕೇಳಬಾರದು ಅಂತ ಸಣ್ಣ ಪಾಡ್‌ನ್ಯಾಗ ಬಾಗಲಾ ಹಾಕ್ಕೊಂಡು ಮಾತಾಡ್ತಾರ, ಕಂಪ್ಯೂಟರ್ ಗಾಜಿನಾಚೆ ಅವರ ತುಟಿ ನೋಡಿ ಓದಕೊಳ್ತೈತಿ, ಆ ಹೊತ್ತಿಗೆ ನಮಗೂ ಬರೇ ತುಟಿ, ಧ್ವನಿ ಇಲ್ಲ. ಅದೇ ಟೈಮಿಗೆ ಯಾರೋ ನೀರು ಕುಡ್ಯಾಕ ಎದ್ದಾಂವ ಕತ್ತಲದಾಗ ಸ್ಪೀಕರ್ ವೈರ್ ತುಳದು ಕಿತ್ತ. ನಾವು ಯಾರಿಗೂ ಗೊತ್ತಾಗಲಿಲ್ಲ. ಮುಂದ ಇಪ್ಪತ್ತು ನಿಮಿಷ ಪೂರಾ ಮೌನದಾಗ ಕುಂತೇವಿ, ಸಬ್‌ಟೈಟಲ್ ಇಲ್ಲದ ಡಿಸ್ಕು ಬ್ಯಾರೆ, ಕಂಪ್ಯೂಟರ್ ಮಾತಾಡಿದ್ರೂ ತಿಳೀಬೇಕಲ್ಲ, ಅದಕ್ಕ ತುಟಿ ಎಲ್ಲಿ ಅದಾವು, ಬರೇ ಒಂದು ಕೆಂಪು ದೀಪ! “ಏನು ಧೈರ್ಯಪಾ ಈ ಡೈರೆಕ್ಟರಂದು” ಅಂತ ಬಲ್ಲಾಂವ ಕಣ್ಣೀರು ಒರಸ್ಕೊಂಡ. ಕಡೀಕ ಯಾರೋ ತಡಕೊಳ್ಳಾರದ ಕಾಯ್ದೆ ಮುರದು ರೊಟ್ಟಿ ಕಡದ್ರು, ಆ ಸಪ್ಪಳಕ್ಕ ಒಬ್ಬಾಕಿ ಬೆಚ್ಚಿ ಬಿದ್ದು ಸ್ಪೀಕರ್ ಕಡೆ ನೋಡಿದ್ಲು, ಅದರ ಲೈಟೇ ಆರಿತ್ತು. ವೈರ್ ಹಚ್ಚಿ ಮತ್ತ ನೋಡಿದ್ವಿ. ಬಲ್ಲಾಂವ ಈಗೂ ವಾದಾ ಮಾಡ್ತಾನ, ವೈರ್ ಕಿತ್ತದ್ದೇ ಚಲೋ ಇತ್ತು ಅಂತ. ಗುಟ್ಟಾಗಿ ಹೇಳಬೇಕಂದ್ರ ನಂಗೂ ಹಂಗ ಅನಿಸ್ತೈತಿ.

ಪ್ರಶ್ನೆ: ಕನ್ನಡದ್ದು ಒಂದರ ಹಾಕ್ತೀರೋ ಇಲ್ಲೋ?
(ರಾಣೆಬೆನ್ನೂರು)

ಉತ್ತರ: ಹಾಕ್ತೇವ್ರಿ. 2002ರ ‘ಹಾಲಿವುಡ್’, ಉಪೇಂದ್ರ ರೋಬೋ ಆದದ್ದು, ಅದು ಬಂದ್ರ ನಿದ್ದಿಗಣ್ಣಾಗಿದ್ದವ್ರೂ ಎದ್ದು ಕುಂದರ್ತಾರ. ಮೊನ್ನೆ ಮೊನ್ನೆದ್ದಂದ್ರ 2024ರ ‘ಬ್ಲಿಂಕ್’, ಕಾಲದ ಹಿಂದ ಮುಂದ ಓಡಾಡೂ ಕತಿ, ಆದ್ರ ಅದನ್ನ ಸಂಜಿ 6ಕ್ಕೇ ಹಾಕ್ರಿ, ನಡುರಾತ್ರಿ ಹಾಕಿದ್ರ ನಿಮಗ ಕಾಲಾನೂ ತಿಳಿಯಂಗಿಲ್ಲ ಕತೀನೂ ತಿಳಿಯಂಗಿಲ್ಲ.

ಪ್ರಶ್ನೆ: ಮಗ ಇಂಜಿನಿಯರಿಂಗ್ ಎರಡನೇ ವರ್ಷ. ಗೆಳ್ಯಾನ ಮನ್ಯಾಗ ಹಿಂಗ ರಾತ್ರಿ ಪೂರ್ತಿ ಪಿಚ್ಚರ್ ನೋಡ್ತೇನಿ ಅಂತಾನ. ಕಳಿಸಬೇಕೋ ಬ್ಯಾಡೋ?
(ಒಬ್ಬ ತಾಯಿ, ಧಾರವಾಡ)

ಉತ್ತರ: ಅಕ್ಕಾರ, ಕಳಸ್ರಿ, ಆದ್ರ ಬೈಕ್ ಕೀಲಿ ನಿಮ್ಮ ಕಡೆ ಇಟಗೋರಿ. ಪಿಚ್ಚರ್‌ನಿಂದ ಏನೂ ಆಗಂಗಿಲ್ಲ, ಮುಂಜಾನೆ ತಿರುಗಿ ಬರೂಮುಂದ ಅಂಜಿಕಿ. 17 ತಾಸು ನಿದ್ದಿಗೆಟ್ಟಾಂವನ ಕೈಕಾಲು, ರಕ್ತದಾಗ 0.05 ಪರ್ಸೆಂಟ್ ಸೆರೆ ಇದ್ದಾಂವನ ಕೈಕಾಲಿನಂಗ ತಡಾ ಮಾಡ್ತಾವಂತ ಸಂಶೋಧನೆ ಮಾಡಿ ನೋಡ್ಯಾರ, ನಮ್ಮ ದೇಶದಾಗ ಗಾಡಿ ಹೊಡ್ಯಾಕ ಕಾನೂನಿನ ಮಿತಿ 0.03. ನಮ್ಮಲ್ಲೆ ಮುಂಜಾನೆ ಯಾರೂ ಗಾಡಿ ಮುಟ್ಟಂಗಿಲ್ಲ, ಧಾರವಾಡದವ್ರು ಚಿಗರಿ ಬಸ್ಸು ಹತ್ತತಾರ. ಒಬ್ಬಾಂವ ನಿದ್ದಿಗಣ್ಣಾಗ ಹತ್ತಿ ಜುಬಿಲಿ ಸರ್ಕಲ್‌ನ್ಯಾಗ ಇಳಿಯೂದು ಬಿಟ್ಟು ಅದೇ ಬಸ್ಸಿನಾಗ ತಿರುಗಿ ಹುಬ್ಬಳ್ಳಿಗೇ ಬಂದಿದ್ದ, ಅದೊಂದು ಬಿಟ್ರ ಅಪಘಾತ ಇಲ್ಲ.

ಪ್ರಶ್ನೆ: ನಾನು ನಮ್ಮಕ್ಕ ಇಬ್ಬರೂ ಒಂದು ವರ್ಷ ನಿಮ್ಮಲ್ಲಿಗೆ ಬಂದಿದ್ವಿ. ಡೈನೋಸಾರ್ ಪಿಚ್ಚರ್ ಮೂರನೇದು, ನಡುವ ಕರೆಂಟ್ ಹೋಗಿತ್ತು ಅಂತ ನಾ. ಕಡೇದ್ದು, ಕರೆಂಟ್ ಹೋಗೇ ಇಲ್ಲ ಅಂತ ಅಕ್ಕ. ಇಬ್ಬರಿಗೂ ಮಾತಿಲ್ಲ. ನೀವು ಹೇಳ್ರಿ.
(ಗೋಕುಲ ರೋಡ್, ಹುಬ್ಬಳ್ಳಿ)

ಉತ್ತರ: ಅಯ್ಯೋ ತಂಗೆವ್ವಾ, ಇಂಥಾ ಜಗಳ ವರ್ಷಾ ಬರ್ತಾವ. ಅದಕ್ಕಂತ ನಾನೊಂದು ನೋಟ್‌ಬುಕ್ ಇಟ್ಟೇನಿ, ಯಾವ ಪಿಚ್ಚರ್ ಎಷ್ಟಕ್ಕ ಚಾಲೂ ಆತು ಅಂತ. ತಗದು ನೋಡಿದೆ. ಡೈನೋಸಾರ್ ನಾಕನೇದು, ರಾತ್ರಿ 2.10ಕ್ಕ ಚಾಲೂ, ಹಂಗಾರ ನಿಮ್ದೂ ತಪ್ಪು, ಅಕ್ಕಂದೂ ತಪ್ಪು. ಕರೆಂಟಿನ ಸುದ್ದಿ ಹುಡುಕಿದೆ, 3.50ಕ್ಕ “ಡೈನೋಸಾರ್ ಅಡಗಿಮನಿ ಬಾಗಲಾ ತಗೀತು” ಅಂತ ಬರ್ದೇನಿ, ಅದರ ಮುಂದ ಒಂದು ಗೀಟು, ಪೆನ್ನು ಹಾಳಿ ತುದಿ ತನಕಾ ಜಾರಿಕೊಂಡು ಹೋಗಿ ಚಾಪಿ ಮ್ಯಾಲೂ ಬಿದ್ದಿರಬೇಕು. ಮತ್ತ ಅಕ್ಷರ ಬರೂದು 5.15ಕ್ಕ. ನಡುವ ಕರೆಂಟ್ ಹೋಗಿದ್ದು ಮನೀದೋ ನಂದೋ ನಾ ಹೆಂಗ ಹೇಳ್ಲಿ.

ಹನ್ನೆರಡು ಮಂದ್ಯಾಗ ಐದೂ ಪಿಚ್ಚರ್ ಪೂರಾ ನೋಡಿದಾಂವ ಇವತ್ತಿಗೂ ಒಬ್ಬಾಂವನೂ ಇಲ್ಲ, ಒಬ್ಬೊಬ್ಬರು ಒಂದೊಂದರಾಗ ಮಕ್ಕೊಂಡಿರ್ತಾರ. ಮುಂಜಾನೆ ಗಿರ್ಮಿಟ್ ತಿನ್ನೂಮುಂದ ಇಂವಾ ಆರಂಭ ಹೇಳ್ತಾನ, ಆಕಿ ನಡುಕಿಂದು ಹೇಳ್ತಾಳ, ಹಂಗ ಹೊಲಗಿ ಹಾಕಿ ಒಂದು ಪಿಚ್ಚರ್ ಮಾಡ್ತೇವಿ, ಒಮ್ಮೊಮ್ಮಿ ಎರಡನೇ ಪಿಚ್ಚರ್‌ನ ಹೀರೋ ನಾಕನೇದ್ರಾಗ ಸಾಯ್ತಾನ. ನಮ್ಮ ಬಳಗದಾಗ ಒಬ್ಬರು ಸಾಲಿ ಟೀಚರ್ ಅದಾರ, ಝೆಂಡಾ ಹಾರಸಾಕ ಹೋಗಬೇಕಂತ ಐದೂವರಿಗೇ ಸೀರಿ ಉಟಗೊಂಡು ಹೊಂಡ್ತಾರ, ಇಷ್ಟು ವರ್ಷದಾಗ ಐದನೇ ಪಿಚ್ಚರ್‌ನ ಕ್ಲೈಮ್ಯಾಕ್ಸ್ ಅವರು ಕಂಡೇ ಇಲ್ಲ. ಮಧ್ಯಾಹ್ನ ಫೋನ್ ಮಾಡಿ ಕೇಳ್ತಾರ. ಮೂರು ಮಂದಿ ಮೂರು ಥರಾ ಹೇಳ್ತಾರ, ಅವರು ತಮಗ ಸೇರಿದ್ದನ್ನ ಇಟಗೋತಾರ. ನೀವೂ ಅಕ್ಕನ ಕೂಡ ಮಾತಾಡ್ರಿ.

ಪ್ರಶ್ನೆ: ಹೊಸಬರು ಬರಬಹುದೇನು? ಏನು ತರಬೇಕು?
(ಮುಂಡರಗಿ)

ಉತ್ತರ: ಬರ್ರಿ, ಪತ್ರಿಕಿ ಆಫೀಸಿಗೆ ಒಂದು ಕಾರ್ಡ್ ಹಾಕ್ರಿ, ಮನಿ ಹೇಳ್ತೇನಿ. ರೊಕ್ಕ ಬ್ಯಾಡ. ಕೌದಿ ಮಾತ್ರ ತರಬೇಕು, ಜನವರಿ ಥಂಡಿ, ಮಾಳಗಿ ಮ್ಯಾಲಿನ ಹಾಲ್, ಒಂದು ಕಿಡಕಿ ಸರಿಯಾಗಿ ಮುಚ್ಚಂಗಿಲ್ಲ. ಮತ್ತ ಹೋದ ವರ್ಷ ಬಂದವ್ರಾಗ ಯಾರೋ ಒಂದು ಕೌದಿ ಬಿಟ್ಟು ಹೋಗ್ಯಾರ, ನೀಲಿ ಅಂಚು, ನಡುವ ಹಳೇ ಇಳಕಲ್ ಸೀರಿ ತುಂಡು ಹಚ್ಚಿ ಹೊಲದದ್ದು, ಒಂದು ಮೂಲ್ಯಾಗ ಶೇಂಗಾ ಚಟ್ನಿ ಕಲೆ ಐತಿ. ಒಗದು ಇಟ್ಟೇನಿ, ಕಲೆ ಹೋಗಿಲ್ಲ. ಯಾರದ್ದೋ ಅವರು ಬಂದು ಒಯ್ರಿ.